ಬೈಗುಳದ ಪಾಲು

ಮಾರ್ಚ್ 9, ಭಾನುವಾರ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರಗಳು. ಬರೆಯುವುದು ಬಹಳ ತಡವಾಯಿತು. ನೀವು ಕೋಪಿಸಿಕೊಳ್ಳುವವರಲ್ಲ, ನನಗೆ ಗೊತ್ತು. ಬೇಕರಿಯ ಓವನ್ ಕೆಟ್ಟು ತಣ್ಣಗೆ ಕೂತಿತ್ತು, ನಿಮ್ಮ ಅಳಿಯನ ತಲೆ ಬಿಸಿಯಾಗಿತ್ತು. ಈಗ ಓವನ್ ಬಿಸಿಯಾಗಿದೆ, ತಲೆ ತಣ್ಣಗಾಗಿದೆ.

ಗುಬ್ಬಿಯ ಸುದ್ದಿ ಹೇಳಬೇಕು. ಅವಳ ತಾಯಿ ತೀರಿಕೊಂಡ ಮೇಲೆ ನಾನು ಈ ಮನೆಗೆ ಬಂದಾಗ, ನನ್ನ ಬೆರಳು ಹಿಡಿದು ಅಡುಗೆಮನೆ ತೋರಿಸಿದ ಮಗು ಅದು. ಈಗ ಆರನೇ ತರಗತಿ. ಹೋದ ತಿಂಗಳು ಟೀಚರ್ ಕರೆಸಿದ್ದರು. "ಕೇಳಿದ್ರೆ ಉತ್ತರ ಹೇಳ್ತಾಳೆ. ತಾನಾಗಿ ಕೈ ಎತ್ತಲ್ಲ. ಯಾರದೋ ಮನೆಗೆ ಬಂದವಳ ಹಾಗೆ ಬೆಂಚಿನ ತುದೀಲಿ ಕೂತಿರ್ತಾಳೆ," ಎಂದರು. ಗಣಿತದಲ್ಲಿ ಫೇಲಾಗಿದ್ದಳು.

ಅದೇ ದಿನ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಡೋಲುವೂ ಸೊನ್ನೆ ತಂದಿದ್ದ. ಅವನ ಬೆವರಿಳಿಸಿದೆ. ಗುಬ್ಬಿಗೆ ಮಾತ್ರ, "ಪರವಾಗಿಲ್ಲ ಕಂದ," ಎಂದೆ. ಬೈದರೆ ಮಲತಾಯಿ ಎನ್ನುತ್ತಾರೆ. ಗಡಿಗೆಯ ಬಾಯಿಗೆ ಮುಚ್ಚಳ ಸಿಗುತ್ತದೆ, ಊರ ಬಾಯಿಗೆ ಸಿಗುತ್ತದೆಯೇ?

ಅವಳು ತಟ್ಟೆ ತಳ್ಳಿ ಎದ್ದಳು. "ಅವನಿಗೆ ಬೈತೀರ. ನಂಗೆ ಯಾವಾಗ್ಲೂ ಪರವಾಗಿಲ್ಲ, ಪರವಾಗಿಲ್ಲ. ನಾನೇನು ಗಿರಾಕಿನಾ?"

ಆಗ ಹೊರಟಿತು ನೋಡಿ ನನ್ನ ಬಾಯಿಂದ! "ಕೂತ್ಕೊಳೇ ಕತ್ತೆ! ಊಟ ಬಿಟ್ಟು ಏಳ್ತೀಯಾ? ಭಿನ್ನರಾಶಿ ಬರದವಳಿಗೆ ಕೋಪ ಬೇರೆ ಕೇಡು! ತಾ ಪುಸ್ತಕ!"

ಬೀದಿಗೆಲ್ಲ ಕೇಳಿಸಿರಬೇಕು. ಮೂಗೊರೆಸಿಕೊಳ್ಳುತ್ತಾ ಪುಸ್ತಕ ತಂದಳು. "ನಿಮಗೆ ಬರುತ್ತಾ?" ಎಂದು ನನಗೇ ಸವಾಲು ಬೇರೆ. ನನಗೆಲ್ಲಿ ಬರಬೇಕು! ಬನ್ನು ಕತ್ತರಿಸಿ ಕತ್ತರಿಸಿ ಇಬ್ಬರೂ ಕಲಿತೆವು. ಅರ್ಧ, ಕಾಲು ಎನ್ನದೆ ಡೋಲು ಲೆಕ್ಕವನ್ನೆಲ್ಲ ತಿಂದು ಮುಗಿಸಿದ. ಈಗ ದಿನಕ್ಕೊಂದು ಜಗಳ, ದಿನಕ್ಕೊಂದು ಪಾಠ.

ನಿನ್ನೆ ಟೀಚರ್ ಅಂಗಡಿಗೆ ಬಂದಿದ್ದರು. ಗುಬ್ಬಿ ಕೈ ಎತ್ತಿದಳಂತೆ. ಉತ್ತರ ತಪ್ಪಂತೆ. "ಮುಂದಿನ ಪ್ರಶ್ನೆಗೂ ಅವಳದೇ ಕೈ ಮೊದಲು ಕಣ್ರೀ!" ಎಂದು ನಕ್ಕರು.

ತಮ್ಮನ ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಹರಕೆ ನಮ್ಮ ಮೇಲಿರಲಿ.

ನಿಮ್ಮ
ದೊಡ್ಡ ಮಗಳು

ತಾ.ಕ.: ಅಪ್ಪ ನಿಮ್ಮನ್ನು ಮದುವೆಯಾಗಿ ಕರೆತಂದಾಗ ನಾನೂ ಗುಬ್ಬಿಯಂತೆಯೇ ಚಿಕ್ಕವಳು. ನೀವು ನನ್ನನ್ನು ಎಂದೂ ಬೈಯಲಿಲ್ಲ. ಒಂದು ದಿನ ನಾನೂ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ತಮ್ಮನೂ ಸೇರಿ ಶಾಯಿ ಚೆಲ್ಲಿದ್ದೆವು. ಸೌಟಿನ ಏಟು ತಮ್ಮನೊಬ್ಬನಿಗೇ ಬಿತ್ತು. ಅವನು ಅತ್ತು ಅತ್ತು ನಿಮ್ಮ ಮಡಿಲಲ್ಲೇ ನಿದ್ದೆಹೋದ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಮುಂದಿನ ತಿಂಗಳು ಬರುತ್ತೇನೆ ಚಿಕ್ಕಮ್ಮ. ಕಾಗದ ತಡಮಾಡಿದ್ದಕ್ಕಾದರೂ ಒಂದು ಸಲ ಬೈಯಿರಿ.