ಸ್ಕ್ಯಾನರಿನೊಳಗಿದ್ದ ಅಪ್ಪನ ದಡಿ

ಯಮನೂರ,

ಅಪ್ಪನ್ನ ಕರಕೊಂಡು ಬಾಗಲಕೋಟಿ ಕಣ್ಣಿನ ದವಾಖಾನಿಗೆ ಹೊಂಟೇನಿ. ರೊಟ್ಟಿ ಬುಟ್ಟಿಯಾಗ ಅದಾವ. ಮೊದಲ ಉಣ್ಣು, ಆಮ್ಯಾಲ ಮುಂದಿಂದು ಓದು.

ಮುಂಜಾನೆ ಕಂಪ್ಯೂಟರ್ ಅಂಗಡಿಯವರು ಫೋನ್ ಮಾಡಿದ್ರು. ನಿನ್ನ ಸ್ಕ್ಯಾನರ್ ಕಂಪನಿ ಕಡೀಕೂ ನಿನ್ನ ಕಂಪ್ಯೂಟರಿನ ಲಿನಕ್ಸಿಗೆ ಸ್ಕ್ಯಾನರ್ ನಡಸೂ ಡ್ರೈವರ್ ಕೊಟ್ಟೈತಂತ. ಫೋನ್ ಎತ್ತಿದಾಂವ ಅಪ್ಪ. ಗಾಜು ಒರಸಿ ಇಡೂಣು ಅಂತ ನಾ ಸ್ಕ್ಯಾನರಿನ ಮುಚ್ಚಳ ತಗದೆ. ಗ್ವಾಡಿಯಿಂದ ಗೆದ್ದಲ ಏರಿ, ಅಪ್ಪ ನೇಯಾಕಂತ ಸೀರಿ ದಡಿ ಬರದ ಗ್ರಾಫ್ ಹಾಳಿ ಪೂರಾ ತಿಂದಾವ. ಡ್ರೈವರ್ ಬರೂತನಕ ಅಲ್ಲೇ ಇರ್ಲಿ ಅಂತ ಇಟ್ಟಾಂವ ನೀನು. ಉಳಿದ ಚೂರು ಡಬ್ಬ್ಯಾಗ ಹಾಕೇನಿ.

ಲಿನಕ್ಸ್ ತಗದು ವಿಂಡೋಸ್ ಹಾಕಿ ಕೆಲಸ ಮುಗಸು ಅಂತ ಎಷ್ಟು ಬಡಕೊಂಡೆ! "ರೊಕ್ಕಾ ಕೊಟ್ಟು ತಗೊಂಡೇವಿ, ಡ್ರೈವರ್ ಅವರೇ ಕೊಡಬೇಕು" ಅಂದಿ. ನಿನ್ನ ಮಾತು ಖರೆನೇ ಇತ್ತು ತಮ್ಮಾ, ಅದಕ್ಕೇ ಬೈಯಾಕೂ ಬಾಯಿ ಬರವಲ್ದು.

ಆ ದಡಿ ಹಾಕಿ ನೇಯ್ದ ಸೀರಿ ಒಂದೇ ಇತ್ತು. ಅದನ್ನ ಅವ್ವಗ ಉಡಿಸಿ ಮಣ್ಣು ಮಾಡಿದ್ವಿ. ಮತ್ತ ಬರೀಬೇಕಂದ್ರ ಅಪ್ಪಗ ಗ್ರಾಫಿನ ಚೌಕ ಕಾಣಂಗಿಲ್ಲ.

ಹಾಳಿ ಸುದ್ದಿ ಅವಗ ಹೇಳಿಲ್ಲ. ಹೊಸ ಧೋತರ ಉಟ್ಟಾನ. ಹೊಂಡೂ ಮುಂದ ತನ್ನ ಟವೆಲ್ಲಿಲೆ ಕಂಪ್ಯೂಟರ್ ಒರಸಿದ.

"ಡಾಕ್ಟರು ಏನರೆ ಅನ್ಲಿ, ಸಂಜಿಕ ಇದರಾಗ ನನ್ನ ದಡಿ ದೊಡ್ಡದಾಗಿ ಕಾಣ್ತೈತಲ್ಲ" ಅಂದ.

ಸಂಜಿ ಬಸ್ಸಿಗೆ ಬರ್ತೇವಿ. ಎಲ್ಲೂ ಹೋಗಬ್ಯಾಡ, ಮನ್ಯಾಗ ಇರು. ಅಪ್ಪಗ ಹೇಳೂದು ನನ್ನ ಕೈಲೆ ಆಗೂದಿಲ್ಲ.

ಅಕ್ಕ