ಹಿತ್ತಲಿನ ಇಂಪೆಫೊ

ಅವ್ವಾ,

ಹಿತ್ತಲಲ್ಲಿ ಬೆಳೆಸಿದ ಗಿಡಕ್ಕೆ ಕಸುವಿಲ್ಲ ಎನ್ನುತ್ತಿದ್ದೆಯಲ್ಲ, ನಾನು ಹಾಕಿದ ಇಂಪೆಫೊ ಈ ವರ್ಷ ಮೊಣಕಾಲೆತ್ತರ ಬಂದಿದೆ. ಹೊಗೆ ಹಾಕಿದರೆ ಬೆಟ್ಟದ್ದರ ಹಾಗೆಯೇ ಘಮ್ಮೆನ್ನುತ್ತದೆ.

ಬೆಳಿಗ್ಗೆ ಪಕ್ಕದೂರಿನ ಥಾಂಡೆಕಿಲೆ ಬಂದಿದ್ದಳು. ಓರಗಿತ್ತಿ ಮಾಟ ಮಾಡಿಸಿದ್ದಾಳಂತೆ, ಇದರ ಹೊಗೆ ಹಾಕಿ ತೀರಿಹೋದ ಹಿರಿಯರನ್ನು ಕರೆದು ಕೇಳಬೇಕಂತೆ. ಕುಡುಗೋಲು ಹಿಡಿದು ಗಿಡದ ಮುಂದೆ ಕೂತೆ. ಯಾರಿಗೆಂದು ಹೆಸರು ಹೇಳದೆ ಕೊಯ್ಯಬಾರದು ಎಂದು ಕಲಿಸಿದವಳು ನೀನೇ. ಬಾಯಿಗೆ ನಿನ್ನ ಹೆಸರು ಬಂತು. ಒಂದು ಹಿಡಿ ಕೊಯ್ದೂ ಬಿಟ್ಟೆ.

“ಖೆತಿವೆ ಅಂದ್ರೆ ನಿಮ್ಮವ್ವ ಅಲ್ವೇನೇ? ಸತ್ತೋಳ ಹೆಸರಲ್ಲಿ ಕೊಯ್ದಿದ್ದು ನಂಗ್ಯಾಕೆ? ನನ್ನ ಹೆಸರು ಹೇಳು, ಬಿಸಿಲೇರ್ತಿದೆ” ಎಂದು ಥಾಂಡೆಕಿಲೆ ನಕ್ಕಳು.

ಅವಳ ಹೆಸರು ಹೇಳಿ ಬೇರೆ ಕಟ್ಟು ಕೊಯ್ದುಕೊಟ್ಟೆ.

ನೀನು ಹಾಸಿಗೆ ಹಿಡಿದಾಗ ಮದ್ದಿಗೆಂದು ನಾನು ಬೆಟ್ಟ ಹತ್ತಲಿಲ್ಲ. ಡರ್ಬನ್ ಸಂತೆಯಿಂದ ತೊಗಟೆ ತಂದು ಕುದಿಸಿದೆ. ಒಂದು ಗುಟುಕು ಕುಡಿದು ನೀನು, “ಇದನ್ನ ಕಿತ್ತೋರು ನನ್ನ ಹೆಸರು ಹೇಳಿಲ್ಲ ಕಣೇ” ಅಂದೆ. ಬೈಯಲಿಲ್ಲ. ಉಳಿದದ್ದನ್ನೂ ನೀನೇ ಕುಡಿದು ಲೋಟ ಖಾಲಿ ಮಾಡಿದೆ.

ನಿನ್ನ ಹೆಸರಿನ ಕಟ್ಟು ನೆರಳಲ್ಲಿ ಒಣಗುತ್ತಿದೆ. ಅದನ್ನು ಹಚ್ಚಿದರೆ ನೀನು ಬಂದೇ ಬರುತ್ತೀಯ; ಸಂತೆಯ ತೊಗಟೆ ಕುಡಿಸಿದವಳು ನಿನಗೆ ಹೇಗೆ ಮುಖ ತೋರಿಸಲಿ? ಅದಕ್ಕೇ ಹಚ್ಚದೆ ಈ ಕಾಗದ ಬರೆಯುತ್ತಿದ್ದೇನೆ.