ಬೆಳಕಿಂಡಿಗೆ ಬಂದ ಎರಡು ನೋಟಿಸು

ಕಟ್ಟಡ ಪರವಾನಗಿ ಕೊಡುವ ಮಾನ್ಯರೇ,

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅಂಗಿ ಹೊಲಿದು ಬದುಕುವ ರೆಹಮತ್‌ಬಿಯವರ ಮಣ್ಣಿನ ಮಾಳಿಗೆಯ ಮನೆಗೆ ನಿಮ್ಮ ಕಚೇರಿ ಒಂದೇ ವರ್ಷದಲ್ಲಿ ಎರಡು ನೋಟಿಸು ಕೊಟ್ಟಿದೆ. ಮಾಳಿಗೆಯಲ್ಲಿ ತೂತು ಇದೆ ಎಂದು ಮೊದಲನೆಯದು, ಮನೆಯೊಳಗೆ ಬೆಳಕಿಲ್ಲ ಎಂದು ಎರಡನೆಯದು. ಎರಡರ ನಡುವೆ ನಡೆದದ್ದನ್ನು ನಿಮ್ಮ ಕಡತ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಆಕೆಯ ಹಿತ್ತಿಲ ಗೋಡೆ ಕುಸಿಯಿತು. ಕಾನೂನಿಗೆ ಹೆದರುವ ಹೆಣ್ಣುಮಗಳು. ದುರಸ್ತಿಗೆ ಪರವಾನಗಿ ಕೇಳಿದರು. ಪರಿಶೀಲನೆಗೆ ಬಂದ ನಿಮ್ಮ ಎಂಜಿನಿಯರು, ದಕ್ಷಿಣದ ಕಡೆಯವರು, ಬಿದ್ದ ಗೋಡೆಯನ್ನು ಬಿಟ್ಟು ತಲೆ ಎತ್ತಿ ಮಾಳಿಗೆ ನೋಡಿದರು.

“ಏನಮ್ಮಾ, ಮೇಲೆ ತೂತು ಬಿದ್ದಿದೆಯಲ್ಲ?”

“ತೂತಲ್ರಿ ಸಾಹೇಬ್ರ, ಬೆಳಕಿಂಡಿ. ಬೆಳಕು ಬರಾಕಂತ ಬಿಟ್ಟಿದ್ದು. ಮಳಿ ಬಂದ್ರ ಮ್ಯಾಲ ಗಡಿಗಿ ಬೋರಲ ಹಾಕ್ತೇವಿ. ನಿಮ್ಮ ಕಡೆ ಮನ್ಯಾಗ ಬೆಳಕು ಹ್ಯಾಂಗ ಬರ್ತೈತಿ?”

“ಸ್ವಿಚ್ ಒತ್ತಿದ್ರೆ ಬರುತ್ತೆ.”

ನೋಡಲು ನೆರೆದಿದ್ದ ಓಣಿಯವರು ನಾವೂ ನಕ್ಕೆವು. ಆದರೆ ಬಾಯಲ್ಲಿದ್ದ ತೂತು ಕಾಗದಕ್ಕೆ ಇಳಿಯುವಾಗ ‘ರಂಧ್ರ’ವಾಗಿ ಬಡ್ತಿ ಪಡೆಯಿತು: ‘ಛಾವಣಿಯಲ್ಲಿ ರಂಧ್ರವಿದ್ದು ಕಟ್ಟಡ ಶಿಥಿಲವಾಗಿದೆ. ಮುಚ್ಚದಿದ್ದಲ್ಲಿ ತೆರವುಗೊಳಿಸಲಾಗುವುದು.’ ನಿಮ್ಮ ನಮೂನೆಯಲ್ಲಿ ಬೆಳಕಿಂಡಿಗೆ ಕಾಲಮ್ಮು ಇಲ್ಲವಂತೆ. ಈ ಊರಿನ ಮನೆಗಳನ್ನು ಅಳೆಯುವ ನಮೂನೆಯನ್ನು ಈ ಊರಿನ ಒಂದು ಮನೆಯನ್ನಾದರೂ ನೋಡಿ ತಯಾರಿಸಬಾರದಿತ್ತೆ?

“ಸರಕಾರದ ಕೂಡ ವಾದ ಬ್ಯಾಡ ಅಕ್ಕಾ, ಮುಚ್ಚಿಸಿಬಿಡ್ರಿ,” ಎಂದು ಬುದ್ಧಿ ಹೇಳಿದವನು ನಾನೇ. “ಮಾಸ್ತರ್ರ, ನೀವ ಅಂದಮ್ಯಾಲ ಮುಗೀತಲ್ರಿ,” ಎಂದರು. ಕಲ್ಲುಹಲಗೆ ಇಟ್ಟು ಸಿಮೆಂಟು ಬಳಿಸಿದರು.

ಅಷ್ಟರಲ್ಲಿ ರಾಜ್ಯದ ಹಸಿರು ಕಟ್ಟಡ ಮಾನದಂಡಗಳನ್ನು ನಗರ ಒಪ್ಪಿಕೊಂಡಿತು. ದುರಸ್ತಿಗೂ ಅವು ಅನ್ವಯ ಎಂದಿರಿ. ಕೈಪಿಡಿ ಹಿಡಿದು ಬಂದ ಎರಡನೆಯ ಎಂಜಿನಿಯರು ಇಲ್ಲಿಯವರೇ.

“ಹಾಡಹಗಲ ಟ್ಯೂಬಲೈಟ್ ಯಾಕ ಹಚ್ಚೀರಿ?”

“ನೀವ ಮುಚ್ಚಿಸ್ತೀರಿ, ನೀವ ಕೇಳ್ತೀರಿ. ಇಬ್ಬರದೂ ಒಂದ ಆಫೀಸ್ ಹೌದಲ್ರೀ?” ಎಂದರು ರೆಹಮತ್‌ಬಿ.

“ಅದು ಬ್ಯಾರೆ ವಿಭಾಗರೀ.”

ಆ ಕೈಪಿಡಿಯನ್ನು ನಾನು ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ನಿಮ್ಮ ಸಿಬ್ಬಂದಿಯೂ ಓದಿರಬಹುದು. ದಪ್ಪ ಗೋಡೆ, ಸ್ಥಳೀಯ ಮಣ್ಣು, ಮೇಲಿನಿಂದ ಬೀಳುವ ಬೆಳಕು, ಯಂತ್ರವಿಲ್ಲದೆ ತಂಪು: ರೆಹಮತ್‌ಬಿಯವರ ಮನೆಯಲ್ಲಿ ಕೂತೇ ಬರೆದಂತಿದೆ. ಒಳ್ಳೆಯ ನಿಯಮ, ಬರಲೇಬೇಕಾಗಿತ್ತು. ಆದರೆ ಮಣ್ಣಿನ ಮಾಳಿಗೆ ಕೆಡವಿ ತಗಡು ಹಾಕಿರಿ ಎಂದ ಅಧಿಕಾರಿಗಳನ್ನೂ, ಕಾಂಕ್ರೀಟು ಇಲ್ಲದ್ದು ಮನೆಯೇ ಅಲ್ಲ ಎಂದ ಅಧಿಕಾರಿಗಳನ್ನೂ ನಾನು ಕಂಡಿದ್ದೇನೆ. ಅವರ ದನಿಯಲ್ಲೂ ಇಷ್ಟೇ ಖಾತ್ರಿ ಇತ್ತು. ಈಗ ಬಾಗಿಲಿಗೆ ತೂಗಲು ‘ಹಸಿರು ಕಟ್ಟಡ’ ಎಂಬ ಫಲಕ ಸಿಕ್ಕಿದ್ದು ಯಾರಿಗೆ? ಪಡುವಣಕ್ಕೆ ಗಾಜಿನ ಗೋಡೆ ನಿಲ್ಲಿಸಿ, ದಿನವಿಡೀ ಏಸಿ ಓಡಿಸುವ ಬಟ್ಟೆ ಅಂಗಡಿಗೆ. ಸಂಜೆ ನಾಲ್ಕಕ್ಕೆ ಆ ಗಾಜಿನ ಝಳಕ್ಕೆ ಎದುರಿನ ಕೊತ್ತಂಬರಿ ಬಾಡಿ, ಮಾರುವ ಶಿವಲಿಂಗವ್ವ ಜಾಗ ಬದಲಿಸಿದ್ದಾಳೆ. ಫಲಕ ಬಂದದ್ದು ಅಂಗಡಿಯ ಮಾಳಿಗೆಯ ಮೇಲಿನ ಎಂಟು ಹೂಕುಂಡಗಳಿಗಂತೆ.

ಬೆಳಕಿನ ಕೊರತೆ ಎಂದು ನೀವು ಪರವಾನಗಿ ತಡೆಹಿಡಿದಿದ್ದೀರಿ. ಗೋಡೆಯ ಜಾಗದಲ್ಲಿ ತಾಡಪತ್ರಿ ಹಾರಾಡುತ್ತಿದೆ. ಮುಂಗಾರಿನ ಮಿರಗದ ಮಳೆಗೆ ಇನ್ನು ಮೂರು ವಾರ. ನೀರು ಉಳಿದ ಗೋಡೆಗಳ ಬುಡಕ್ಕೆ ಇಳಿದರೆ, ನಿಮ್ಮ ಮೊದಲ ನೋಟಿಸು ಸುಳ್ಳೇ ಬರೆದ ‘ಶಿಥಿಲ’ ಅಂದು ನಿಜವಾಗುತ್ತದೆ.

ಆದ್ದರಿಂದ ಎರಡೂ ನೋಟಿಸು ಹಿಂಪಡೆಯಿರಿ. ಗೋಡೆ ಕಟ್ಟಲು, ಬೆಳಕಿಂಡಿ ತೆರೆಯಲು ಮಳೆಗೆ ಮೊದಲು ಲಿಖಿತ ಅನುಮತಿ ಕೊಡಿ. ಸಂದೇಹವಿದ್ದರೆ ಒಂದು ಮಧ್ಯಾಹ್ನ ತಾವೇ ಬನ್ನಿ. ಟ್ಯೂಬ್‌ಲೈಟ್ ಆರಿಸಿ ರೆಹಮತ್‌ಬಿಯವರ ಹೊಲಿಗೆ ಯಂತ್ರದ ಮುಂದೆ ಕುಳಿತು, ಸೂಜಿಗೆ ಕರಿ ದಾರ ಪೋಣಿಸಿ. ಪೋಣಿಸಿದಿರೋ, ನಾನು ಈ ಪತ್ರ ಹಿಂಪಡೆಯುತ್ತೇನೆ.

ಇಂತಿ,
ನಿಮ್ಮ ಮೊದಲ ನೋಟಿಸನ್ನು ನಂಬಿದ್ದ
ಗುರುಸಿದ್ದಯ್ಯ, ನಿವೃತ್ತ ಶಿಕ್ಷಕ
ಹುಬ್ಬಳ್ಳಿ